ಮಸ್ಕಿ ಬಸ್ ನಿಲ್ದಾಣದಲ್ಲಿ ಉಳಿದುಹೋದ ಅತ್ತೆ

ಸಿಂಧನೂರಿನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಹುಟ್ಟಿದ್ದು ಲಿಂಗಸುಗೂರು, ಮದುವೆಯಾಗಿ ಈ ಊರಿಗೆ ಬಂದೆ. ಬಂದ ಮೇಲೆ ಪಿಎಚ್.ಡಿ.ಗೆ ಸೇರಿಕೊಂಡೆ. ನನ್ನ ಮಾರ್ಗದರ್ಶಕರು ದೂರದ ಊರಿನವರು, ಹೆಚ್ಚಾಗಿ ಫೋನಿನಲ್ಲೇ ಸಿಗುವವರು. ದೊಡ್ಡ ಪಟ್ಟಣಗಳ ವಾಹನ ದಟ್ಟಣೆಯ ಮೇಲೆ ಎಲ್ಲರೂ ಕೆಲಸ ಮಾಡಿ ಮುಗಿಸಿದ್ದಾರೆ, ನೀವು ನಿಮ್ಮ ಊರನ್ನೇ ಹಿಡಿಯಿರಿ ಎಂದರು. ಹಾಗಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳನ್ನೂ ಅವುಗಳ ನಡುವಿನ ರಸ್ತೆಯನ್ನೂ ಕಂಪ್ಯೂಟರಿನೊಳಗೆ ಕಟ್ಟಲು ಕೂತೆ.

ರಸ್ತೆ ಕಟ್ಟುವುದು ಸುಲಭ. ಕಷ್ಟವಿದ್ದದ್ದು ಜನರದ್ದು. ಈ ವಿಧಾನದಲ್ಲಿ ಒಬ್ಬೊಬ್ಬ ಮನುಷ್ಯನನ್ನೂ ಬೇರೆ ಬೇರೆಯಾಗಿ ಮಾಡಬೇಕು. ಅವನಿಗೊಂದು ಮನೆ ಕೊಡಬೇಕು, ಹೋಗಲು ಒಂದು ಜಾಗ ಕೊಡಬೇಕು, ಬಸ್ಸೋ ಆಟೋವೋ ಬೈಕೋ ಎಂಬ ಇಷ್ಟಾನಿಷ್ಟ ಕೊಡಬೇಕು. ಆಮೇಲೆ ನಾವು ಸುಮ್ಮನಿರಬೇಕು. ಅವನು ಬೆಳಿಗ್ಗೆ ತಾನೇ ಹೊರಡುತ್ತಾನೆ, ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಸಂಜೆ ಮನೆಗೆ ಬಂದು ಇವತ್ತಿನ ದಿನ ಹೇಗಿತ್ತು ಎಂದು ತನಗೆ ತಾನೇ ಅಂಕ ಹಾಕಿಕೊಳ್ಳುತ್ತಾನೆ. ಬಿಸಿಲಲ್ಲಿ ಕಾದಿದ್ದರೆ ಅಂಕ ಕಡಿಮೆ, ಕೆಲಸ ಮುಗಿಸಿ ಬೇಗ ಮನೆ ಸೇರಿದ್ದರೆ ಜಾಸ್ತಿ. ಮರುದಿನ ಇನ್ನೊಂದು ದಾರಿ ಹಿಡಿದು ನೋಡುತ್ತಾನೆ. ಹೀಗೆ ಸಾವಿರಾರು ಜನ ತಮ್ಮ ಪಾಡಿಗೆ ತಾವು ಯೋಚಿಸುವುದರಿಂದ ಭತ್ತದ ಮಾರುಕಟ್ಟೆಯಾದ ಗಂಜ್ ಮುಂದೆ ತನ್ನಿಂದ ತಾನೇ ಜಾಮ್ ಆಗುತ್ತದೆ. ಜಾಮ್ ಆಗಲಿ ಎಂದು ಯಾರೂ ಬರೆದಿರುವುದಿಲ್ಲ.

ಈ ಮನುಷ್ಯರಿಗೆ ನಮ್ಮ ವಿದ್ಯೆಯಲ್ಲಿ ಏಜೆಂಟ್ ಎನ್ನುತ್ತಾರೆ. ಅದನ್ನು ಮನೆಯಲ್ಲಿ ಹೇಳಿದ್ದು ತಪ್ಪಾಯಿತು. ನನ್ನ ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಏಜೆಂಟ್ ಅಂದರೆ ಇನ್ಶೂರೆನ್ಸ್ ಮಾಡಿಸುವವನು, ಇಲ್ಲವೇ ಗಂಜಿನಲ್ಲಿ ಭತ್ತ ಕೊಳ್ಳುವವನು.

“ಎಷ್ಟು ಮಂದಿ ಏಜೆಂಟ್ರು ಅದಾರ ನಿನ್ನ ಕೈಯಾಗ?” ಎಂದು ಕೇಳಿದರು.

“ನನ್ನ ಲೆಕ್ಕದಾಗ ಊರ ಮಂದಿ ಎಲ್ಲಾರೂ ಏಜೆಂಟ್ರೇ ರೀ ಮಾವ.”

“ಎಲ್ಲಾರೂ ಏಜೆಂಟ್ರಾದ್ರ ಗಿರಾಕಿ ಯಾರು?” ಎಂದರು.

ಊರವರನ್ನೆಲ್ಲ ಹಾಕುವ ಮೊದಲು ಪರೀಕ್ಷೆಗೆಂದು ನಮ್ಮ ಮನೆಯವರನ್ನೇ ಹಾಕಿದೆ. ನನ್ನ ಗಂಡ ದಿನಾ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಕಚೇರಿ ಕೆಲಸ ಮಾಡಿ ಬರುವವರು. ನಾನು ಕಾಲೇಜಿಗೆ ನಡೆದು ಹೋಗುವವಳು. ಅತ್ತೆಯ ಹತ್ತಿರ ಕೂತು, “ವಾರದಾಗ ಎಲ್ಲೆಲ್ಲಿ ಹೋಗ್ತೀರಿ ಅತ್ತಿ?” ಎಂದು ಕೇಳಿದೆ.

ಅತ್ತೆ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸದೆ, “ಪ್ರತಿ ಸೋಮವಾರ ಮಸ್ಕಿಗೆ ಹೋಗ್ತೀನಿ. ತಂಗಿ ಮನಿಗೆ” ಎಂದರು.

ನಾನು ಮಾವನ ಕಡೆ ನೋಡಿದೆ. ಮಾವ ಟಿ.ವಿ. ಕಡೆ ನೋಡಿದರು. ಟಿ.ವಿ. ಆಫ್ ಇತ್ತು.

ಅತ್ತೆ ಮಸ್ಕಿಗೆ ಹೋಗಿ ಎರಡು ವರ್ಷದ ಮೇಲಾಗಿತ್ತು. ಅದಕ್ಕೂ ಮೊದಲು ಸೋಮವಾರ ತಪ್ಪಿಸುತ್ತಿರಲಿಲ್ಲವಂತೆ. ತಂಗಿಯ ಮಗನ ಮದುವೆಯಲ್ಲಿ ದಿಬ್ಬಣ ಹೊರಟಾಗ ಕಾರಿನ ಮುಂದಿನ ಸೀಟಿನಲ್ಲಿ ಬೀಗರ ಕಡೆಯ ಯಾರನ್ನೋ ಕೂರಿಸಿ, ಇವರನ್ನು ಪಾತ್ರೆಗಳ ಜೊತೆ ಟೆಂಪೋದಲ್ಲಿ ಕಳಿಸಿದ್ದರು. ಇವರು ಮದುವೆ ಮುಗಿಸಿಕೊಂಡು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಂಗಿಯೂ ಫೋನ್ ಮಾಡಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಜನ ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳಬೇಕು, ನಾವು ತಿದ್ದಬಾರದು ಎಂದು ಮಾರ್ಗದರ್ಶಕರು ಹೇಳಿದ್ದರು. ಸೋಮವಾರ, ಮಸ್ಕಿ, ತಂಗಿಯ ಮನೆ ಎಂದು ಹಾಕಿದೆ. ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಬಸ್ಸು. ಮೊಣಕಾಲು ನೋವಿರುವುದರಿಂದ ನಿಂತು ಪ್ರಯಾಣ ಮಾಡುವುದಿಲ್ಲ ಎಂದೂ ಸೇರಿಸಿದೆ.

ಮನೆಯ ಹಾಲ್‌ನಲ್ಲಿ ಬುದ್ಧನ ಫೋಟೋದ ಕೆಳಗಿನ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇರುತ್ತಿತ್ತು. ಅದು ಹಳೆಯದು. ಊರವರನ್ನೂ ಸೇರಿಸಿದ ಮೇಲೆ ಅಷ್ಟು ಜನರನ್ನು ಓಡಿಸುವುದು ಅದಕ್ಕೆ ಭಾರವಾಗಿ, ಕಂಪ್ಯೂಟರಿನ ಒಂದು ದಿನ ಮುಗಿಯಲು ನಮ್ಮ ಅರ್ಧ ದಿನ ಹಿಡಿಯುತ್ತಿತ್ತು. ಹಾಗಾಗಿ ಹಗಲೂ ರಾತ್ರಿ ಹಚ್ಚಿಯೇ ಇಡುತ್ತಿದ್ದೆ. ನಕ್ಷೆಯ ಮೇಲೆ ಜನರು ಚುಕ್ಕಿಗಳಾಗಿ ಹರಿದಾಡುತ್ತಿದ್ದರು. ಮನೆಯವರು ಮೊದಮೊದಲು ಹಾಯುವಾಗ ಒಂದು ಕಣ್ಣು ಹಾಕಿ ಹೋಗುತ್ತಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಧಾರಾವಾಹಿ ಬಿಟ್ಟು ಇದನ್ನು ನೋಡುತ್ತಾರೆಂದು ನಾನು ಎಣಿಸಿರಲಿಲ್ಲ.

ಮಾವನಿಗೆ ಒಂದು ದೂರಿತ್ತು. ನಿವೃತ್ತರೆಂದು ಅವರಿಗೆ ನಾನು ಮನೆ ಬಿಟ್ಟರೆ ಬೇರೆ ಜಾಗ ಕೊಟ್ಟಿರಲಿಲ್ಲ. ಅವರ ಚುಕ್ಕಿ ಇದ್ದಲ್ಲೇ ಇತ್ತು.

“ಎಲ್ಲಾರೂ ತಿರಗಾಡಾಕತ್ತಾರ. ನಾ ಏನು ಸತ್ತೀನೇನು?” ಎಂದು ಕೇಳಿದರು.

ಚಹಾದಂಗಡಿಗೆ ಹೋಗಿ ಬರುವ ಹಾಗೆ ಮಾಡಿದೆ. ಅದೂ ಸಾಲಲಿಲ್ಲ. ಹಟ್ಟಿಗೆ ಶಿಫ್ಟಿಗೆ ಕಳಿಸು ಎಂದರು. “ಮಾವ, ನೀವು ರಿಟೈರ್ ಆಗೀರಿ” ಎಂದೆ. “ಅದು ಇಲ್ಲಿ. ಅಲ್ಲಿ ಆಗೀನೇನು?” ಎಂದರು. ಗಣಿಗೆ ಹೋಗುವವರ ಲೆಕ್ಕವೂ ನನಗೆ ಬೇಕಾಗಿತ್ತು, ಬೆಳಗಿನ ಶಿಫ್ಟಿಗೆ ಹಾಕಿದೆ. ಕೆಲಸ ಮಾಡಿ ಹೊತ್ತಿಗೆ ಸರಿಯಾಗಿ ಮನೆಗೆ ಬರುವವರಿಗೆ ಹೆಚ್ಚು ಅಂಕ ಬರುವುದರಿಂದ, ಕೆಲವೇ ದಿನಗಳಲ್ಲಿ ಮಾವ ನಮ್ಮ ಬಡಾವಣೆಗೇ ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರಾದರು. ಅದನ್ನು ಅವರು ಚಹಾದಂಗಡಿಯಲ್ಲಿ ಹೇಳಿಕೊಂಡು ಬಂದರು. ಅಲ್ಲಿದ್ದವರು ಯಾವ ಪರೀಕ್ಷೆ ಎಂದು ಕೇಳಲಿಲ್ಲವಂತೆ, ಅಭಿನಂದನೆ ಮಾತ್ರ ಹೇಳಿದರಂತೆ.

ಅತ್ತೆಯ ಚುಕ್ಕಿ ಸೋಮವಾರ ಸೋಮವಾರ ಮಸ್ಕಿಗೆ ಹೋಗಿ ಸಂಜೆಗೆ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಸೋಮವಾರ ಬಂದ ಹೊತ್ತಿಗೆ ಅವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದರು. ಚುಕ್ಕಿ ಬಸ್ ಹತ್ತಿದ ಮೇಲೆ ಒಳಗೆ ಹೋಗುತ್ತಿದ್ದರು.

ಸುಗ್ಗಿಯ ಹೊತ್ತಿನಲ್ಲಿ ರಸ್ತೆ ಹೇಗಿರುತ್ತದೆಂದು ನೋಡಲು ನಾನು ಭತ್ತದ ಟ್ರ್ಯಾಕ್ಟರುಗಳನ್ನೂ ರೈಸ್ ಮಿಲ್ಲಿನ ಲಾರಿಗಳನ್ನೂ ಕೂಲಿಯವರನ್ನೂ ರಸ್ತೆಗೆ ಬಿಟ್ಟೆ. ಬಸ್ಸುಗಳು ತಡವಾದವು, ತುಂಬಿದವು. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಮಸ್ಕಿ ಬಸ್ ನಿಲ್ದಾಣದಲ್ಲಿ ಒಂದು ಚುಕ್ಕಿ ಕೆಂಪಾಗಿ ನಿಂತಿತ್ತು. ಮುಂದೆ ಹೋಗಲಾರದೆ ಸಿಕ್ಕಿಕೊಂಡವರು ಕೆಂಪಾಗುತ್ತಾರೆ.

ಅತ್ತೆ ಆಗಲೇ ಕುರ್ಚಿಯಲ್ಲಿ ಕೂತಿದ್ದರು. “ಅದು ಯಾರದು, ಕೆಂಪಂದು?”

“ನೀವೇ ರೀ ಅತ್ತಿ.”

“ಯಾಕ ಕುಂತೀನಿ ಅಲ್ಲಿ?”

“ಬಸ್ ತುಂಬಿ ಬರಾಕತ್ತಾವ್ರಿ. ನಿಮಗ ಸೀಟ್ ಸಿಗವಲ್ದು.”

“ನಿಂತು ಬರ್ತೀನಿ.”

“ನಿಮಗ ಮೊಣಕಾಲು ನೋವು ಐತಿ, ನಿಂತು ಬರೂದಿಲ್ಲ ಅಂತ ಹಾಕೀನ್ರಿ.”

“ಮೊಣಕಾಲು ತಗಿ” ಎಂದರು ಅತ್ತೆ.

ಕಂಪ್ಯೂಟರಿನ ಈ ಆಟದ ನಡುವೆ ಕೈಹಾಕಿ ತಿದ್ದಬಾರದು, ಹಾಗೆ ಮಾಡಿದರೆ ಇಡೀ ಫಲಿತಾಂಶ ಸುಳ್ಳಾಗುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಾವ ಮಧ್ಯೆ ಬಾಯಿ ಹಾಕಿ, ಬಸ್ ನಿಲ್ದಾಣದಲ್ಲಿ ಫ್ಯಾನ್ ಇರುತ್ತದೆ ಎಂದರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಅವರು ಎದ್ದು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಎದ್ದವರೇ ಅತ್ತೆ ಕೇಳಿದ್ದು, “ಬಂದೀನೇನು?”

“ಇನ್ನೂ ಇಲ್ರಿ” ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡರು. ನಾನು ಕಾಲೇಜಿಗೆ ಹೋದೆ. ಗಂಡ ಲಿಂಗಸುಗೂರಿನ ಬಸ್ ಹತ್ತಿದರು. ಮಾವ ಚಹಾದಂಗಡಿಗೆ ಹೋದರು.

ಮುಂದೆ ನಡೆದದ್ದನ್ನು ನಾನು ಆಮೇಲೆ ಒಬ್ಬೊಬ್ಬರಿಂದ ಕೇಳಿ ಜೋಡಿಸಿಕೊಂಡದ್ದು. ಚಹಾದಂಗಡಿಯಲ್ಲಿ ಯಾರೋ ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದಾಗ ಮಾವ, “ನಾ ಆರಾಮ್. ನಮ್ಮಾಕಿ ನಿನ್ನಿಯಿಂದ ಮಸ್ಕಿ ಬಸ್ ಸ್ಟ್ಯಾಂಡಿನಾಗ ಕುಂತಾಳ. ಬಸ್ಸಿನಾಗ ಜಾಗಾ ಸಿಗವಲ್ದು” ಎಂದಿದ್ದಾರೆ. ಅವರು ತಮಾಷೆಗೆ ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಮನೆಯ ಸುದ್ದಿ. ಅಲ್ಲಿ ಮಸ್ಕಿ ಕಡೆಗೆ ಹೋಗುವ ಜೀಪಿನ ಡ್ರೈವರ್ ಒಬ್ಬ ಚಹಾ ಕುಡಿಯುತ್ತಿದ್ದ. ಅವನಿಗೆ ಅತ್ತೆಯ ತಂಗಿಯ ಮನೆ ಗೊತ್ತಿತ್ತು. ಮಸ್ಕಿ ಮುಟ್ಟಿದವನು ಆ ಮನೆಯ ಮುಂದೆ ಜೀಪು ನಿಲ್ಲಿಸಿ, ನಿಮ್ಮಕ್ಕ ನಿನ್ನೆಯಿಂದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾರಂತೆ ಎಂದು ಹೇಳಿದ.

ಅತ್ತೆಯ ತಂಗಿಯನ್ನು ನಾನು ಸಣ್ಣತ್ತೆ ಎನ್ನುತ್ತೇನೆ. ಸಣ್ಣತ್ತೆಗೆ ಮೊದಲು ಬಂದದ್ದು ಸಿಟ್ಟಂತೆ. ಊರಿಗೆ ಬಂದು ಮನೆಗೆ ಬರದೆ, ನಾಲ್ಕು ಜನ ನೋಡಲಿ ಎಂದು ಬೇಕಂತಲೇ ಬಸ್ ಸ್ಟ್ಯಾಂಡಿನಲ್ಲಿ ಕೂತು ತನ್ನ ಮಾನ ಕಳೆಯುತ್ತಿದ್ದಾಳೆ ಎಂದುಕೊಂಡರು. ಆದರೂ ಒಲೆಯ ಮೇಲಿನ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಒಂದೊಂದು ಬೆಂಚೂ ನೋಡಿದರು. ಅಕ್ಕ ಇರಲಿಲ್ಲ. ಆಗ ಸಿಟ್ಟು ಹೋಗಿ ಭಯ ಬಂತು. ಅಕ್ಕನಿಗೆ ತಾವಾಗಿ ಫೋನ್ ಮಾಡಲು ಆಗಲೂ ಮನಸ್ಸು ಬರಲಿಲ್ಲ. ಲಿಂಗಸುಗೂರಿನಲ್ಲಿದ್ದ ನನ್ನ ಗಂಡನಿಗೆ ಮಾಡಿದರು.

ನನ್ನ ಗಂಡ ಹೆದರುವ ಸ್ವಭಾವದವರು. ಬೆಳಿಗ್ಗೆ ಅಮ್ಮನನ್ನು ಮನೆಯಲ್ಲೇ ನೋಡಿದ್ದರೂ, ತಾವು ಹೊರಟ ಮೇಲೆ ಅಮ್ಮ ಮಸ್ಕಿ ಬಸ್ ಹತ್ತಿರಬೇಕು ಎಂದುಕೊಂಡರು. ಮನೆಗೆ ಫೋನ್ ಮಾಡಿದರು. ಅತ್ತೆಯ ಫೋನು ಯಾವಾಗಲೂ ಅಕ್ಕಿ ಡಬ್ಬಿಯ ಮೇಲೆ ಚಾರ್ಜಿಲ್ಲದೆ ಬಿದ್ದಿರುತ್ತದೆ. ಮಾವ ಚಹಾದಂಗಡಿಗೆ ಫೋನ್ ಒಯ್ಯುವುದಿಲ್ಲ. ನಾನು ಕ್ಲಾಸಿನಲ್ಲಿದ್ದೆ. ಮೂರು ಫೋನುಗಳನ್ನೂ ಯಾರೂ ಎತ್ತದೆ ಹೋದಾಗ ಅವರಿಗೆ ಸಂಶಯ ಉಳಿಯಲಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು ಮಸ್ಕಿಗೆ ಓಡಿದರು. ನಿಲ್ದಾಣದ ಮೈಕಿನಲ್ಲಿ ಹೇಳಿಸಿದರು. ಏನು ಉಟ್ಟಿದ್ದಾರೆ ಎಂದು ಮೈಕಿನವರು ಕೇಳಿದಾಗ ನನ್ನ ಗಂಡನಿಗೆ ನೆನಪಾಗದೆ, ಸಣ್ಣತ್ತೆ ತಾವು ಅಕ್ಕನನ್ನು ಕೊನೆಯ ಸಲ ನೋಡಿದಾಗಿನ ಸೀರೆ ಹೇಳಿದರು. ಹಾಗಾಗಿ, ಹಸಿರು ಇಳಕಲ್ ಸೀರೆ ಉಟ್ಟು, ತಲೆಯಲ್ಲಿ ಮಲ್ಲಿಗೆ ಮುಡಿದು, ಕೈಯಲ್ಲಿ ಆರತಿ ತಟ್ಟೆ ಹಿಡಿದಿರುವ ವಯಸ್ಸಾದ ಹೆಣ್ಣುಮಗಳು ಎಲ್ಲಿದ್ದರೂ ವಿಚಾರಣೆ ಕಿಟಕಿಗೆ ಬರಬೇಕು ಎಂದು ಮಸ್ಕಿ ಬಸ್ ನಿಲ್ದಾಣದಲ್ಲಿ ಮೇಲಿಂದ ಮೇಲೆ ಕೂಗಲಾಯಿತು. ಯಾರೂ ಬರಲಿಲ್ಲ.

ಕೊನೆಗೆ ಅದೇ ಜೀಪು ಮಾಡಿಕೊಂಡು ಇಬ್ಬರೂ ಸಿಂಧನೂರಿಗೆ ಬಂದರು. ಬಾಗಿಲು ಬಡಿದರು. ಬಾಗಿಲು ತೆಗೆದದ್ದು ಅತ್ತೆ.

ನಾನು ಕಾಲೇಜು ಮುಗಿಸಿ ಬರುವ ಹೊತ್ತಿಗೆ ಹಾಲ್‌ನಲ್ಲಿ ಜಗಳ ನಡೆದಿತ್ತು. ಸಣ್ಣತ್ತೆ ರೊಟ್ಟಿಯ ಗಂಟನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡು ನಿಂತಿದ್ದರು. ನನ್ನ ಗಂಡ ನೀರು ಕುಡಿಯುತ್ತಿದ್ದರು. ಮಾವ ಬಾಗಿಲ ಹತ್ತಿರ ನಿಂತು, ಒಳಗೆ ಬರಬೇಕೋ ಬೇಡವೋ ಎಂದು ನೋಡುತ್ತಿದ್ದರು. ಸುಳ್ಳು ಸುದ್ದಿಯ ಮೇಲೆ ಜಗಳ ಇರಬೇಕೆಂದು ನಾನು ತಿಳಿದೆ. ಅಲ್ಲ.

“ಬಸ್ ಸ್ಟ್ಯಾಂಡ್ ತನಕ ಬಂದಾಕಿ ಮನಿಗೆ ಯಾಕ ಬರ್ಲಿಲ್ಲ?” ಎಂದು ಸಣ್ಣತ್ತೆ ಕೇಳುತ್ತಿದ್ದರು.

ನಾನು ಬಂದೇ ಇಲ್ಲ ಎಂದು ಅತ್ತೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. “ನೀ ಕರದಿದ್ದೇನು?” ಎಂದರು.

“ತಂಗಿ ಮನಿಗೆ ಬರಾಕ ಕರೀಬೇಕಾ ನಿನಗ?”

“ಮದಲ ಕರೀತಿದ್ದಿಲ್ಲ, ಬರ್ತಿದ್ದೆ. ಈಗ ಕರೀಬೇಕು.”

“ರಾತ್ರಿ ಎಲ್ಲಾ ಅಲ್ಲೇ ಕುಂತಿದ್ದೆಲ್ಲ, ಉಂಡಿ ಇಲ್ಲ?”

“ಯಾರು ಕೊಡ್ತಾರ?” ಎಂದರು ಅತ್ತೆ. ಅವರ ದನಿ ನಿಜವಾಗಿಯೂ ಹಸಿದವರ ದನಿಯಂತೆ ಇತ್ತು. ಅವರು ಮಧ್ಯಾಹ್ನ ಚೆನ್ನಾಗಿಯೇ ಊಟ ಮಾಡಿದ್ದರು, ಅಡುಗೆ ನಾನೇ ಮಾಡಿಟ್ಟು ಹೋಗಿದ್ದೆ.

ನಾನು ನಡುವೆ ಹೋಗಿ, ಇದೆಲ್ಲ ಕಂಪ್ಯೂಟರಿನದು, ಚುಕ್ಕಿಯದು ಎಂದು ಸಣ್ಣತ್ತೆಗೆ ಲ್ಯಾಪ್‌ಟಾಪ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕೆಂಪು ಚುಕ್ಕಿ ಅಲ್ಲೇ ಇತ್ತು.

“ಇದು ನಮ್ಮಕ್ಕ?”

“ಹೌದ್ರಿ.”

“ಒಂದ ಸಲ ಹೋಗ್ಯಾಳೋ ಹೆಂಗ?”

“ಇಲ್ರಿ. ಪ್ರತಿ ಸೋಮವಾರ ಹೋಗ್ತಾರ. ನಿಮ್ಮ ಮನಿಗೇ.”

ಸಣ್ಣತ್ತೆ ಅಕ್ಕನ ಕಡೆ ತಿರುಗಿದರು. ಅತ್ತೆ ಸೀರೆಯ ಅಂಚು ನೋಡುತ್ತಿದ್ದರು. ಸಣ್ಣತ್ತೆ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು, “ಹಂಗಾರ ನಾ ಎಲ್ಲಿ ಅದೀನಿ ಇದರಾಗ?” ಎಂದು ನನ್ನನ್ನು ಕೇಳಿದರು.

ಸಣ್ಣತ್ತೆಯನ್ನು ನಾನು ಹಾಕಿರಲಿಲ್ಲ. ಮಸ್ಕಿಯಲ್ಲಿ ಅವರ ಮನೆ ಒಂದು ಜಾಗವಾಗಿ ಮಾತ್ರ ಇತ್ತು. ಹಾಗೆಂದು ಹೇಳಿದೆ.

“ಅಂದ್ರ ಇಕಿ ಬಂದಾಗ ಬಾಗಲಾ ತಗಿಯಾವ್ರು ಯಾರು?”

ಯಾರೂ ಇಲ್ಲ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಇಷ್ಟು ಸೋಮವಾರ ಅತ್ತೆ ಹೋಗಿ ಕೂತು ಬಂದದ್ದು ಖಾಲಿ ಮನೆಯಲ್ಲಿ. ಈ ಮಾತು ಕೇಳಿ ಅತ್ತೆಯ ಕಣ್ಣಲ್ಲಿ ನೀರು ಬಂತು. ಸಣ್ಣತ್ತೆಯ ಕಣ್ಣಲ್ಲೂ ಬಂತು. ಇಬ್ಬರೂ ಆ ತಪ್ಪು ನನ್ನದೇ ಎಂಬಂತೆ ನನ್ನ ಕಡೆ ನೋಡಿದರು.

“ಆಕಿನ್ನ ಹಾಕು ಮದಲ” ಎಂದರು ಅತ್ತೆ.

ಅವತ್ತು ಎಲ್ಲರ ಎದುರಿಗೆ ಆಟ ನಿಲ್ಲಿಸಿ ಸಣ್ಣತ್ತೆಯನ್ನು ಸೇರಿಸಿದೆ. ಸಣ್ಣತ್ತೆ ಪಕ್ಕದಲ್ಲೇ ಕೂತು ತಮ್ಮ ದಿನಚರಿ ಹೇಳಿದರು. ಸೋಮವಾರ ಎಲ್ಲೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎಂದು ಎರಡು ಸಲ ಹೇಳಿ ಬರೆಸಿದರು. ಆಮೇಲೆ ಅಕ್ಕತಂಗಿ ಅಡುಗೆಮನೆಗೆ ಹೋಗಿ ಗಂಟು ಬಿಚ್ಚಿದರು. ನಮಗೂ ಒಂದೊಂದು ರೊಟ್ಟಿ ಸಿಕ್ಕಿತು. ಜೀಪಿನ ಡ್ರೈವರ್ ಹೊರಗೆ ಕಾಯುತ್ತಿದ್ದಾನೆಂದು ಯಾರಿಗೂ ನೆನಪಿರಲಿಲ್ಲ. ಅವನೇ ಬಂದು ಊಟಕ್ಕೆ ಕೂತ.

ಮಾರ್ಗದರ್ಶಕರಿಗೆ ಹೇಳದೆ ಇರಲಾಗಲಿಲ್ಲ. ಮರುದಿನ ಫೋನ್ ಮಾಡಿ, ಆಟದ ನಡುವೆ ಮಸ್ಕಿಯಲ್ಲಿ ಒಬ್ಬರನ್ನು ಕೈಯಿಂದ ಸೇರಿಸಿದ್ದೇನೆ ಎಂದೆ.

“ಕಾರಣ?” ಎಂದರು ಅವರು. ಬರೆದುಕೊಳ್ಳಲು ಪೆನ್ನು ತೆಗೆದದ್ದು ಕೇಳಿಸಿತು.

“ಬಾಗಿಲು ತೆಗೆಯಲು, ಸರ್.”

ಅವರು, ನಮ್ಮ ಮಾದರಿಯಲ್ಲಿ ಮನೆಗಳಿಗೆ ಬಾಗಿಲು ಇರುವುದಿಲ್ಲವಲ್ಲ ಎಂದರು. ಸ್ಪೀಕರ್ ಹಾಕಿದ್ದೆ. ಅತ್ತೆ ಅಡುಗೆಮನೆಯಿಂದ, “ಅವರ ಊರಾಗ ಹೆಂಗೋ ಏನೋ” ಎಂದರು. ಕೊನೆಗೆ ಮಾರ್ಗದರ್ಶಕರು, ಮೊದಲಿನಿಂದ ಮತ್ತೆ ಓಡಿಸಿ, ಆದರೆ ಈ ಸಲ ಎಲ್ಲರನ್ನೂ ಸೇರಿಸಿಕೊಂಡು ಓಡಿಸಿ ಎಂದರು. ನನ್ನ ಒಂದು ಬೇಸಿಗೆಯ ಕೆಲಸ ಹೋಯಿತು. ಈಗ ಯೋಚಿಸಿದರೆ ಅವರು ಹೇಳಿದ್ದು ಸರಿ. ಹೋಗುವವರನ್ನು ಮಾತ್ರ ಹಾಕಿ, ಯಾರ ಬಳಿಗೆ ಹೋಗುತ್ತಾರೋ ಅವರನ್ನು ಬಿಟ್ಟರೆ ರಸ್ತೆ ಪೂರ್ತಿಯಾಗುವುದಿಲ್ಲ. ಪ್ರಬಂಧದಲ್ಲಿ ಅದನ್ನು ಬೇರೆ ಮಾತುಗಳಲ್ಲಿ ಬರೆದಿದ್ದೇನೆ.

ಮುಂದಿನ ಸೋಮವಾರ ಕಾಲೇಜಿಗೆ ರಜೆ ಇತ್ತು. ಅತ್ತೆ ಬೆಳಿಗ್ಗೆಯೇ ಸ್ನಾನ ಮಾಡಿ ತಯಾರಾಗಿ ಕೂತು, ನೀನೂ ಬಾ ಎಂದರು. ನನ್ನ ಗಂಡ ಸ್ನೇಹಿತರ ಕಾರು ಕೇಳಿ ತರುತ್ತೇನೆ ಎಂದರು. ಅತ್ತೆ ಒಪ್ಪಲಿಲ್ಲ. ಆಟೋದಲ್ಲಿ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಬಸ್ಸಿಗೆ, ಕಂಪ್ಯೂಟರಿನಲ್ಲಿ ಹೇಗಿದೆಯೋ ಹಾಗೇ ಹೋಗಬೇಕು ಎಂದರು. ಅಭ್ಯಾಸವಾಗಿದೆ ಎಂಬುದು ಅವರು ಕೊಟ್ಟ ಕಾರಣ. ಆಟೋದವನು ಬೇರೆ ಗಲ್ಲಿಯಿಂದ ಹೋಗಲು ನೋಡಿದಾಗ, “ಈ ಕಡಿಂದ ಅಲ್ಲ ತಮ್ಮಾ, ನಾ ಈ ಕಡಿ ಹೋಗೂದಿಲ್ಲ” ಎಂದು ಅವನನ್ನು ತಿರುಗಿಸಿದರು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಆದರೆ ದಾರಿಯಲ್ಲಿ ಭತ್ತದ ಹೊಟ್ಟು ತುಂಬಿದ ಒಂದು ಟ್ರ್ಯಾಕ್ಟರು ಅಡ್ಡ ನಿಂತು ತಡವಾಯಿತು.

ನಾವು ಮುಟ್ಟಿದಾಗ ಸಣ್ಣತ್ತೆಯ ಬಾಗಿಲು ಹಾಕಿತ್ತು. ಬಡಿದೆವು. ಒಳಗಿನಿಂದಲೇ ಸಣ್ಣತ್ತೆ, “ಯಾರು?” ಎಂದರು.

“ನಾನಬೇ, ಬಾಗಲಾ ತಗಿ.”

“ನೀ ಬರೂ ಹೊತ್ತು ಆಗಿ ಹೋತು. ಬಾಗಲಾ ತಗದು ಕಾದೆ, ಬರ್ಲಿಲ್ಲ, ಹಾಕ್ಕೊಂಡೆ.”

ಚುಕ್ಕಿ ಮನೆ ಮುಟ್ಟುವ ಹೊತ್ತನ್ನು ಅವರು ನನ್ನಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಟ್ರ್ಯಾಕ್ಟರಿನ ಕತೆಯನ್ನು ಅತ್ತೆ ಬಾಗಿಲ ಹೊರಗೆ ನಿಂತೇ ಪೂರ್ತಿ ಹೇಳಿದರು. ಟ್ರ್ಯಾಕ್ಟರಿನ ಬಣ್ಣ ಯಾವುದು ಎಂದು ಒಳಗಿನಿಂದ ಪ್ರಶ್ನೆ ಬಂತು. ನೀಲಿ ಎಂದರು ಅತ್ತೆ. ಆಮೇಲೆ ಚಿಲಕ ತೆಗೆಯುವ ಸದ್ದಾಯಿತು.

ಮದುವೆಯ ಮಾತು ಅವತ್ತು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಅವರಿಬ್ಬರು ಮಧ್ಯಾಹ್ನವೆಲ್ಲ ಕೂತು ಮಾತಾಡಿದ್ದು ಸಾಲಗುಂದ ಹಳ್ಳಿಯ ಯಾರೋ ಹಳೆಯ ಗೆಳತಿಯ ಬಗ್ಗೆ, ಅವಳು ಭತ್ತದ ಗದ್ದೆಗೆ ಹೋಗುವಾಗ ಹಾಡುತ್ತಿದ್ದಳೋ ಇಲ್ಲವೋ ಎಂಬುದರ ಬಗ್ಗೆ. ಹಾಡುತ್ತಿದ್ದಳು ಎಂದು ಒಬ್ಬರು, ಬೈಯುತ್ತಿದ್ದಳು ಎಂದು ಇನ್ನೊಬ್ಬರು. ನಾನು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆ.

ಈಗ ನನ್ನ ಪ್ರಬಂಧ ಮುಗಿದಿದೆ. ಅತ್ತೆಯ ಮೊಣಕಾಲು ಹೆಚ್ಚು ನೋಯುವ ವಾರ ಸಣ್ಣತ್ತೆಯೇ ಇಲ್ಲಿಗೆ ಬರುತ್ತಾರೆ, ಉಳಿದ ವಾರ ಅತ್ತೆ ಹೋಗುತ್ತಾರೆ. ಅತ್ತೆ ಹೋದ ದಿನ ಮಧ್ಯಾಹ್ನದ ಅಡುಗೆ ಮಾವನ ಪಾಲಿಗೆ ಬಂದಿದೆ. ಗಣಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದಾಗ ಕಲಿತ ಉಪ್ಪಿಟ್ಟು ಮಾಡುತ್ತಾರೆ. ಉಪ್ಪು ಸ್ವಲ್ಪ ಮುಂದಿರುತ್ತದೆ. ಕೇಳಿದರೆ, ಭೂಮಿಯೊಳಗೆ ಇಳಿಯುವವರಿಗೆ ಅಷ್ಟು ಬೇಕು ಎನ್ನುತ್ತಾರೆ. ಊಟಕ್ಕೆ ಮನೆಗೆ ಬಂದ ನಾನು ಮಜ್ಜಿಗೆ ಹಾಕಿಕೊಂಡು ತಿಂದು ಮತ್ತೆ ಕಾಲೇಜಿಗೆ ಹೋಗುತ್ತೇನೆ.